ಒಣನೆಲದ ಮೇಲಿನ ಜೆಟ್ಟಿ

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಮೂರು ಜನ ಮಾತಾಡಿದರು. ಮೊದಲನೆಯವರು ನನ್ನನ್ನು ಶಿಸ್ತಿನ ಎಂಜಿನಿಯರ್ ಎಂದರು. ಎರಡನೆಯವರು ತತ್ವನಿಷ್ಠೆ ಎಂದರು. ಮೂರನೆಯವರು ಮಾತಿಗಾಗಿ ತಡಕಾಡಿ, ಹಿರೇಮಠ ಬಾಯಿ ಅಂದರೆ ಹಿರೇಮಠ ಬಾಯಿ ಎಂದು ಹೇಳಿ ಕೂತುಬಿಟ್ಟರು. ಅವರೆಲ್ಲ ಹೇಳಬೇಕೆಂದಿದ್ದು, ಶಾಲಿನ ಮರ್ಯಾದೆಗೆ ನುಂಗಿಕೊಂಡದ್ದು ಒಂದೇ ಮಾತು: ಹಟಮಾರಿ. ಅದನ್ನು ನುಂಗುವ ಅಗತ್ಯವಿರಲಿಲ್ಲ. ಇಡೀ ನೌಕರಿಯಲ್ಲಿ ನಾನು ಗಳಿಸಿದ ಬಿರುದು ಅದೊಂದೇ, ಅದರ ಬಗ್ಗೆ ನನಗೆ ಕಿಂಚಿತ್ತೂ ನಾಚಿಕೆಯಿಲ್ಲ.

ಪುಣೆಯ ಧನಕವಡಿಯ ನಮ್ಮ ಮನೆಗೆ ಈಗ ಆಗಾಗ ಹೊಸ ಹುಡುಗ ಹುಡುಗಿಯರು ಬರುತ್ತಾರೆ. ಪ್ರವಾಸಿ ತಾಣಗಳ ಯೋಜನೆ ಮಾಡುವ ಕೆಲಸಕ್ಕೆ ಸೇರಿದವರು, ಇಲ್ಲವೇ ಸೇರಲಿರುವವರು. ಅವರ ಬಾಯಲ್ಲಿ ಸುಸ್ಥಿರ ಪ್ರವಾಸೋದ್ಯಮ ಎಂಬ ಮಾತು ಸಂಧ್ಯಾವಂದನೆಯ ಮಂತ್ರದ ಹಾಗೆ ಸರಾಗವಾಗಿ ಬರುತ್ತದೆ. ನಾವು ನೌಕರಿಗೆ ಸೇರಿದ ಕಾಲದಲ್ಲಿ ಆ ಮಾತು ಇರಲಿಲ್ಲ. ಅಭಿವೃದ್ಧಿ ಎಂದರೆ ಸಿಮೆಂಟು, ಇನ್ನೂ ಅಭಿವೃದ್ಧಿ ಎಂದರೆ ಇನ್ನೂ ಸಿಮೆಂಟು. ಮಾತು ಬದಲಾಗಿದೆ, ಒಳ್ಳೆಯದೇ. ಆದರೆ ಸಿಮೆಂಟು ಕಲಸುವ ಯಂತ್ರ ಬಾಗಿಲಿಗೆ ಬಂದು ನಿಂತಾಗ ಮಂತ್ರ ಉಪಯೋಗಕ್ಕೆ ಬರುವುದಿಲ್ಲ. ಆಗ ಏನು ಬೇಕು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಪುಣೆಗೆ ಬಂದು, ಪ್ರವಾಸಿ ತಾಣಗಳ ಕಟ್ಟಡ ಕೆಲಸ ನೋಡಿಕೊಳ್ಳುವ ಒಂದು ಕಚೇರಿಗೆ ಸೇರಿದವಳು. ಕಚೇರಿಯ ಹೆಸರು ಬೇಡ. ನನ್ನ ನೌಕರಿಯ ಬಹುಪಾಲು ಕಾಲ ನನ್ನ ಮೇಲಿದ್ದವರು ಬೆಳಗಾವಿಯ ಇನಾಮದಾರ ಸಾಹೇಬರು. ಬಾಗಿಲು ತೆರೆದಿದ್ದರೆ ಅವರು ಮರಾಠಿ, ಬಾಗಿಲು ಹಾಕಿದರೆ ಕನ್ನಡ. ಬೈಗುಳವೆಲ್ಲ ಕನ್ನಡದಲ್ಲಿ ಇರುತ್ತಿದ್ದುದರಿಂದ ಅವರ ಬಾಗಿಲು ಹಾಕಿದ ಸದ್ದು ಕೇಳಿದರೆ ಜವಾನ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದ. ಸಾಹೇಬರು ಕೆಟ್ಟವರಲ್ಲ. ಲಂಚ ಮುಟ್ಟಿದವರಲ್ಲ. ಅವರಿಗಿದ್ದ ಚಪಲ ಒಂದೇ, ಉದ್ಘಾಟನೆಯ ಕಲ್ಲಿನ ಮೇಲೆ ತಮ್ಮ ಹೆಸರು.

ನಾನು ಸೇರಿದ ಹೊಸತರಲ್ಲಿ ಒಂದು ಕೋಟೆಯ ಬುಡದಲ್ಲಿ ಸ್ವಾಗತ ಕಮಾನು ಕಟ್ಟಬೇಕೆಂದು ಆಯಿತು. ನಾನು ಸ್ಥಳ ನೋಡಿ ಬಂದವಳು, ಮೊದಲು ಶೌಚಾಲಯ ಕಟ್ಟೋಣ, ಬಂದ ಹೆಣ್ಣುಮಕ್ಕಳು ಜಾಲಿಮುಳ್ಳಿನ ಮರೆ ಹುಡುಕುತ್ತಿದ್ದಾರೆ ಎಂದೆ. ಸಾಹೇಬರು ಬಾಗಿಲು ಹಾಕಿದರು.

"ಬಾಯಿ, ಕಮಾನಿಗೆ ಉದ್ಘಾಟನಾ ಮಾಡಬಹುದು. ಸಂಡಾಸಕ್ಕ ರಿಬ್ಬನ್ ಯಾರು ಕತ್ತರಸ್ತಾರ?"

ಕಮಾನು ಎದ್ದಿತು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ. ಅವರ ಧರ್ಮಪತ್ನಿ ವೇದಿಕೆಯಿಂದ ಇಳಿದು ಬಂದು ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಊರ ಮಾಸ್ತರರ ಮನೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ಸೀಟಿನ ತುದಿಯನ್ನು ಹಿಡಿದು ಕೂತಿದ್ದರು. ಅದಾದ ಮುಂದಿನ ವಾರವೇ ಶೌಚಾಲಯ ಮಂಜೂರಾಯಿತು. ನಮ್ಮ ಕೆಲಸದ ಮೊದಲ ಪಾಠ ನಾನು ಅಲ್ಲಿ ಕಲಿತೆ: ವರದಿ ಓದಿ ಯಾರಿಗೂ ಏನೂ ಆಗುವುದಿಲ್ಲ, ಮೈಗೆ ತಾಗಬೇಕು.

ಈಗ ಹಿನ್ನೀರಿನ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ಇಂದಾಪುರದ ಕಡೆ ಹೋದರೆ ಎಡಕ್ಕೆ ಕಬ್ಬಿನ ಹೊಲಗಳ ಆಚೆ ಭೀಮಾ ನದಿಯ ಅಣೆಕಟ್ಟಿನ ಹಿನ್ನೀರು ಹರಡಿಕೊಂಡಿದೆ. ಅದರ ದಂಡೆಯ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಬರುವ ಶನಿವಾರವೇ ನೀವೆಲ್ಲ ಕಾರು ತಿರುಗಿಸುತ್ತೀರಿ. ಮಳೆಗಾಲದ ಕೊನೆಗೆ ನೀರು ಊರ ಹೊಲದ ಬದುವಿನವರೆಗೆ ಏರುತ್ತದೆ. ಆಮೇಲೆ ಕಾಲುವೆಗಳಿಗೆ ಬಿಟ್ಟ ಹಾಗೆಲ್ಲ ಇಳಿಯುತ್ತ, ಬೇಸಿಗೆ ಹೊತ್ತಿಗೆ ಊರಿನಿಂದ ಬಲು ದೂರ ಸರಿದು ಹೋಗುತ್ತದೆ. ಇಳಿದಲ್ಲೆಲ್ಲ ಮೊಣಕಾಲುದ್ದದ ನೀರು, ಕೆಳಗೆ ಬೆಣ್ಣೆಯಂಥ ರಾಡಿ. ಆ ರಾಡಿಗಾಗಿಯೇ ಚಳಿಗಾಲದಿಂದ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಉದ್ದ ಕಾಲಿನ ಮೇಲೆ ನಿಂತು, ಕೊಕ್ಕು ತಲೆಕೆಳಗೆ ಮಾಡಿ ರಾಡಿ ಸೋಸಿ ಉಣ್ಣುತ್ತವೆ. ಅವುಗಳನ್ನು ನೋಡಲು ಪುಣೆಯಿಂದ ಜನ ಬರುತ್ತಾರೆ. ಜನರನ್ನು ದೋಣಿಯಲ್ಲಿ ಕರೆದೊಯ್ಯುವವರು ಆ ಊರಿನ ಮೀನುಗಾರರು.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಸ್ಥಳ ಪರಿಶೀಲನೆ ಎಂದರೆ ಶ್ರಾವಣ, ಭಾದ್ರಪದ. ಆಗ ಎಲ್ಲ ಕಡೆ ಹಸಿರು, ತಂಪು, ಕೆರೆಕಟ್ಟೆ ತುಂಬಿ ತುಳುಕುತ್ತಿರುತ್ತವೆ, ಫೋಟೊ ಚಂದ ಬರುತ್ತದೆ. ಬೇಸಿಗೆಯಲ್ಲಿ ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹೀಗಾಗಿ ನಮ್ಮ ನಕಾಶೆಗಳಲ್ಲಿ ಎಲ್ಲ ಕೆರೆಗಳೂ ವರ್ಷವಿಡೀ ತುಂಬಿರುತ್ತಿದ್ದವು. ಈ ಹಿನ್ನೀರನ್ನೂ ಸಾಹೇಬರು ತುಂಬಿದಾಗಲೇ ನೋಡಿದರು, ನೀರಿನ ಅಂಚಿನಲ್ಲಿ ನಿಂತು ಕೈಚಾಚಿ, ಜೆಟ್ಟಿ ಇಲ್ಲಿ ಎಂದರು. ದೋಣಿ ಹತ್ತಲು ಕಂಬಗಳ ಮೇಲೆ ಸಿಮೆಂಟಿನ ದೊಡ್ಡ ಕಟ್ಟೆ, ಅದಕ್ಕೆ ಕಂಬಿ, ಕಂಬಿಗೆ ದೀಪ.

"ಸಾಹೇಬ್ರ, ಹಕ್ಕಿ ಬರೂ ಹೊತ್ತಿಗೆ ಅಲ್ಲಿ ನೀರs ಇರೂದಿಲ್ಲ," ಎಂದೆ, ಕಚೇರಿಗೆ ಮರಳಿ ಅವರು ಬಾಗಿಲು ಹಾಕಿದ ಮೇಲೆ.

"ಬಾಯಿ, ನೀವು ಎಲ್ಲಾದಕ್ಕೂ ಮೊದಲು ಇಲ್ಲ ಅಂತೀರಿ. ಮನ್ಯಾಗೂ ಹಿಂಗs ಏನು?"

"ಮನ್ಯಾಗ ಇನ್ನೂ ಜಾಸ್ತಿ ರೀ."

ನನ್ನ ಮಾತು ನಡೆಯಲಿಲ್ಲ. ಜೆಟ್ಟಿ ಕಟ್ಟಿದರು, ಮುಂದಿನ ಮಳೆಗಾಲದ ಕೊನೆಗೆ ಉದ್ಘಾಟನೆಯೂ ಆಯಿತು. ಸಾಹೇಬರ ಹೆಸರಿನ ಕಲ್ಲು ನೀರಿನಲ್ಲಿ ಚಂದವಾಗಿ ಪ್ರತಿಬಿಂಬಿಸಿತು. ಹಕ್ಕಿಗಳು ಬರುವ ಹೊತ್ತಿಗೆ ಅದರ ಸುತ್ತ ಬಿರುಕುಬಿಟ್ಟ ನೆಲ. ಊರಿನ ಹೆಂಗಸರು ಅದರ ಮೇಲೆ ಮೀನು ಒಣಹಾಕಿದರು. ಕೆಳಗೆ ನೆರಳಿಗೆ ಆಡುಗಳು ಬಂದು ಮಲಗಿದವು. ಕಂಬಿಗೆ ಯಾರೋ ಜೋಕಾಲಿ ಕಟ್ಟಿದರು. ಜೆಟ್ಟಿಯಿಂದ ಉಪಯೋಗವೇ ಆಗಲಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆ ಆಡುಗಳ ದೆಸೆಯಿಂದಲೇ ನನಗೆ ಶಾಂತಾಬಾಯಿಯ ಪರಿಚಯವಾದದ್ದು. ಜೆಟ್ಟಿಯ ಮೇಲೆ ನಿಂತು ನಾನು ಅಳತೆ ತೆಗೆಯುತ್ತಿದ್ದಾಗ ಕೆಳಗಿನಿಂದ ಅಚ್ಚ ಕನ್ನಡದಲ್ಲಿ ಬೈಗುಳ ಕೇಳಿತು. "ಅಯ್ಯ, ನಿನ್ನ ಬಾಯಾಗ ಮಣ್ಣ ಹಾಕ! ಬಲಿ ತಿಂತಿಯೇನ?" ಆಡು ಮೀನಿನ ಬಲೆ ಅಗಿಯುತ್ತಿತ್ತು. ಇಂದಾಪುರ ತಾಲೂಕಿನಲ್ಲಿ ಈ ಬೈಗುಳ ಎಲ್ಲಿಂದ ಬಂತೆಂದು ಬಗ್ಗಿ ನೋಡಿದರೆ, ಗಟ್ಟಿ ಮೈಯ, ಕಚ್ಚೆ ಸೀರೆಯ ಹೆಂಗಸು. ನಾನು ಕನ್ನಡದಲ್ಲಿ ಊರು ಕೇಳಿದೆ.

"ನಾ ಇಂಡಿ ಕಡಿಯಾಕಿ ರೀ, ಹೊಳಿ ತೆಳಗಿನಾಕಿ. ಇದs ಭೀಮಾ ಹೊಳಿ ಅಲ್ಲೂ ಐತಿ. ನೀರ ಮ್ಯಾಲಿಂದ ತೆಳಗ ಹೋಗ್ತೈತಿ, ನಾ ಮದಿವಿಯಾಗಿ ತೆಳಗಿಂದ ಮ್ಯಾಲಕ್ಕ ಬಂದೆ."

ಗಂಡ ತೀರಿಕೊಂಡ ಮೇಲೆ ಆಕೆ ತಾನೇ ಗಳ ಹಿಡಿದು ದೋಣಿ ನಡೆಸುತ್ತಿದ್ದಳು. ಈ ನೀರಿನಲ್ಲಿ ಹುಟ್ಟು ಹಾಕುವುದಿಲ್ಲ. ಉದ್ದನೆಯ ಬಿದಿರಿನ ಗಳವನ್ನು ರಾಡಿಗೆ ಊರಿ ದೋಣಿಯನ್ನು ತಳ್ಳುತ್ತಾರೆ. ಸದ್ದಾಗುವುದಿಲ್ಲ, ಹಕ್ಕಿ ಬೆದರುವುದಿಲ್ಲ. ದೋಣಿ ಹತ್ತುವ ಜಾಗ ನೀರಿನ ಹಿಂದೆ ಹಿಂದೆ ಸರಿಯುತ್ತ ಹೋಗುತ್ತದೆ. ಇವತ್ತು ಎಲ್ಲಿ ಹತ್ತಬೇಕೋ ಅಲ್ಲಿ ಒಂದು ಗಳ ನೆಟ್ಟು ಅದಕ್ಕೆ ಹಳೆಯ ಸೀರೆಯ ತುಂಡು ಕಟ್ಟುತ್ತಾರೆ. ನೀರು ಇಳಿದರೆ ಗಳ ಕಿತ್ತು ಮುಂದೆ ನೆಡುತ್ತಾರೆ. ಅದೇ ಅವರ ಜೆಟ್ಟಿ.

ಅವರಲ್ಲಿ ಪಾಳಿ ಎಂಬ ಇನ್ನೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಬಂದ ಜನರನ್ನು ಯಾರೂ ಕೂಗಿ ಕರೆಯುವಂತಿಲ್ಲ, ಕೈಹಿಡಿದು ಎಳೆಯುವಂತಿಲ್ಲ. ಯಾರ ದೋಣಿಯ ಪಾಳಿಯೋ ಅವರು ಹೋಗಬೇಕು, ಉಳಿದವರು ಕೂರಬೇಕು. ಒಂದು ಮನೆಯಲ್ಲಿ ಸಾವಾಗಿದ್ದರೆ ಆ ಮನೆಯ ಪಾಳಿಯನ್ನು ಪಕ್ಕದವರು ನಡೆಸಿ, ಬಂದದ್ದನ್ನು ಆ ಮನೆಗೇ ಮುಟ್ಟಿಸಬೇಕು. ಇದನ್ನು ಅವರಿಗೆ ಯಾವ ಕಾರ್ಯಾಗಾರದಲ್ಲೂ ಯಾರೂ ಕಲಿಸಿರಲಿಲ್ಲ. ಹಕ್ಕಿ ನೋಡುವ ಜನ ಬರುವುದಕ್ಕೆ ಮೊದಲು ಮೀನಿಗೆ ಬಲೆ ಬಿಡುವುದಕ್ಕೂ ಅವರಲ್ಲಿ ಇದೇ ಪಾಳಿ ನಡೆಯುತ್ತಿತ್ತು.

ಒಣಗಿದ ಜೆಟ್ಟಿಯ ಫೋಟೊ ಯಾರೋ ಮೊಬೈಲಿನಲ್ಲಿ ಹರಿಬಿಟ್ಟರು. ಆಡು, ಮೀನು, ಜೋಕಾಲಿ, ಸಾಹೇಬರ ಹೆಸರಿನ ಕಲ್ಲು ಎಲ್ಲವೂ ಅದರಲ್ಲಿದ್ದವು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಸಾಹೇಬರು ಜೆಟ್ಟಿಯನ್ನು ನೀರಿಗೆ ಒಯ್ಯಲಾಗದಿದ್ದರೆ ನೀರನ್ನೇ ಜೆಟ್ಟಿಗೆ ತರುತ್ತೇನೆ ಎಂದು ಹೊರಟರು. ಊರ ಮುಂದೆ ಹಿನ್ನೀರು ಒಳಚಾಚಿದ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಒಂದು ಒಡ್ಡು. ಮಳೆಗಾಲದ ನೀರು ಒಳಗೆ ಸಿಕ್ಕಿಕೊಂಡು ಬೇಸಿಗೆಯಲ್ಲೂ ಜೆಟ್ಟಿ ನೆನೆಯುತ್ತಿರುತ್ತದೆ, ಮೋಟಾರು ದೋಣಿಗಳು ಓಡುತ್ತವೆ. ಅವನ್ನು ಓಡಿಸಲು ಒಬ್ಬ ಗುತ್ತಿಗೆದಾರನೂ ತಯಾರಾದ. ಯೋಜನೆಯ ಹೆಸರಿನಲ್ಲಿ ಮೊದಲ ಬಾರಿಗೆ ಸುಸ್ಥಿರ ಎಂಬ ಶಬ್ದ ಸೇರಿತು. ನೀರು ಸ್ಥಿರವಾಗಿ ನಿಲ್ಲುತ್ತದಲ್ಲ, ಅದಕ್ಕಿರಬೇಕು.

ಒಡ್ಡು ಕಟ್ಟಿದರೆ ರಾಡಿ ಮುಳುಗುತ್ತದೆ. ರಾಡಿ ಮುಳುಗಿದರೆ ಹಕ್ಕಿಗಳು ಬೇರೆ ಕಡೆ ಹೋಗುತ್ತವೆ. ಗುತ್ತಿಗೆದಾರ ಬಂದರೆ ಪಾಳಿ ಹೋಗುತ್ತದೆ, ದೋಣಿಯವರು ಅವನ ಕೂಲಿಗಳಾಗುತ್ತಾರೆ. ಇಷ್ಟು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ಆದರೆ ಈ ಸ್ಥಳ ಒಡ್ಡಿಗೆ ಯೋಗ್ಯ ಎಂದು ಸಹಿ ಮಾಡಬೇಕಾದ ಎಂಜಿನಿಯರು ನಾನೇ ಆಗಿದ್ದೆ.

ಶಾಂತಾಬಾಯಿ ನನ್ನ ಪರ ನಿಲ್ಲುತ್ತಾಳೆಂದು ನಾನು ಖಾತ್ರಿಯಾಗಿ ನಂಬಿದ್ದೆ. ಆಕೆಯ ಮನೆಯಲ್ಲಿ ಕೂತು ಒಡ್ಡಿನ ವಿಷಯವೆಲ್ಲ ಹೇಳಿದೆ. ನಾನು ಮೀನು ತಿನ್ನುವವಳಲ್ಲ ಎಂದು ಗೊತ್ತಿದ್ದ ಆಕೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟು, ಎದುರಿಗೆ ಕೂತು, ಕುಪ್ಪಸದ ತೋಳು ಸರಿಸಿ ಬಲಗಡೆಯ ಹೆಗಲು ತೋರಿಸಿದಳು. ಬಾತುಕೊಂಡಿತ್ತು. ಗಳ ಊರಿ ಊರಿ ಬಂದ ಬಾವು.

"ನೀವು ಹಕ್ಕಿ ಅಂತೀರಿ. ನನಗ ಈ ರಟ್ಟಿ ಐತಲ್ರಿ ಅಕ್ಕಾರ? ರಾತ್ರಿ ಮಗ್ಗಲಾ ಹೊಳ್ಳಾಕ ಬರೂದಿಲ್ಲ. ಮೋಟಾರ್ ಬಂದ್ರ ಗುಂಡಿ ಒತ್ತಿದ್ರ ಸಾಕು. ಯಾರs ಕೂಲಿ ಕೊಡ್ಲಿ, ರಟ್ಟಿ ಉಳಿತೈತಿ. ನನಗ ಒಡ್ಡು ಬೇಕು."

ಹೊಸ ಮಕ್ಕಳೇ, ಇದನ್ನು ನೆನಪಿಡಿ. ನೀವು ಪರಿಸರ ಉಳಿಸುತ್ತೇನೆಂದು ಹೊರಟಾಗ ಅದರ ಭಾರ ಯಾರದೋ ಹೆಗಲ ಮೇಲೆ ಇರುತ್ತದೆ. ಆ ಹೆಗಲಿನ ಬಗ್ಗೆ ಒಂದು ಮಾತೂ ಇಲ್ಲದ ಯೋಜನೆ ಸಿಮೆಂಟಿನಷ್ಟೇ ಸುಳ್ಳು. ನನಗೆ ಆಕೆಯ ಮೇಲೆ ಸಿಟ್ಟೂ ಬಂತು, ಆ ಹೆಗಲು ಇಷ್ಟು ದಿನ ನನ್ನ ಕಣ್ಣಿಗೆ ಬೀಳಲಿಲ್ಲವೆಂದು ನಾಚಿಕೆಯೂ ಆಯಿತು. ಉತ್ತರ ಹುಡುಕುತ್ತೇನೆ ಎಂದಷ್ಟೇ ಹೇಳಿ ಬಂದೆ.

ಕಚೇರಿಯಲ್ಲಿ ಇನಾಮದಾರ ಸಾಹೇಬರು ಬಾಗಿಲು ಹಾಕಿದರು.

"ಸಹಿ ಮಾಡ್ರಿ ಬಾಯಿ. ಯಾಕ ಈ ಹಟ? ಆ ಊರಿನವರs ಒಡ್ಡು ಬೇಕಂತಾರ, ನಿಮ್ಮದೇನು ನಡುವ?"

"ನೀರು ಇಳದಾಗ ಜಾಗಾ ನೋಡದ ನಾ ಸಹಿ ಮಾಡೂದಿಲ್ಲ ಸಾಹೇಬ್ರ."

"ನಿಮಗ ಹಟ ಅಂದ್ರ ಏನಂತ ಗೊತ್ತದ, ರೆಕಾರ್ಡ್ ರೂಮ್ ಅಂದ್ರ ಏನಂತ ಗೊತ್ತಿಲ್ಲ. ಅಲ್ಲಿ ಧೂಳು ಭಾಳ ಅದ. ನಿಮಗ ಸೀನು ಬರ್ತದ, ಗೊತ್ತದ ನನಗ."

ನಾನು ನನ್ನ ಮೇಜಿಗೆ ಬಂದು ಫೈಲಿನಲ್ಲಿ ಬರೆದೆ: ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮೇಲಧಿಕಾರಿಗಳು ಖುದ್ದಾಗಿ ಸ್ಥಳ ನೋಡದೆ ಈ ಒಡ್ಡಿಗೆ ನನ್ನ ಒಪ್ಪಿಗೆ ಇಲ್ಲ. ಇಷ್ಟೇ. ಬೈಗುಳವಿಲ್ಲ, ಹಕ್ಕಿಯ ಹಾಡಿಲ್ಲ, ಉಪದೇಶವಿಲ್ಲ. ಸರಕಾರಿ ಫೈಲಿನಲ್ಲಿ ಇಂಥ ಒಂದು ವಾಕ್ಯ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಅದನ್ನು ದಾಟಿ ಮಂಜೂರು ಮಾಡಬೇಕೆಂದರೆ ಯಾರಾದರೂ ಒಬ್ಬರು, ಈಕೆ ಹೇಳಿದ್ದು ತಪ್ಪು, ಜವಾಬ್ದಾರಿ ನನ್ನದು ಎಂದು ತಮ್ಮ ಹೆಸರು ಬರೆಯಬೇಕು. ಕಲ್ಲಿನ ಮೇಲೆ ಹೆಸರು ಬೇಕೆನ್ನುವವರಿಗೆ ಫೈಲಿನಲ್ಲಿ ಹೆಸರು ಬೇಡ. ಫೈಲು ಮೇಜಿನಿಂದ ಮೇಜಿಗೆ ಓಡಾಡಿತು, ಎಲ್ಲರೂ ನೋಡಿದೆ ಎಂದು ಬರೆದರು, ಯಾರೂ ಒಪ್ಪಿದೆ ಎಂದು ಬರೆಯಲಿಲ್ಲ. ಕೊನೆಗೆ ಮುಂಬೈಯ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಬೇಸತ್ತು, ಹಾಗಾದರೆ ನೋಡಿಯೇ ಬಿಡೋಣ ಎಂದು ಉರಿ ಬಿಸಿಲಿನಲ್ಲಿ ಹೊರಟು ಬಂದರು.

ಅವರು ಬರುವ ಹಿಂದಿನ ದಿನವೇ ನಾನು ಎಸ್‌ಟಿ ಬಸ್ಸಿನಲ್ಲಿ ಹೋಗಿ ಊರಲ್ಲಿ ಉಳಿದಿದ್ದೆ. ಶಾಂತಾಬಾಯಿ ನೇರವಾಗಿಯೇ ಹೇಳಿದಳು.

"ನಾಳೆ ನನ್ನs ಪಾಳಿ ಐತಿ. ನಿಮ್ಮ ಸಾಹೇಬಗ ಒಡ್ಡು ಬೇಕಂತನs ಹೇಳಾಕಿ ನಾ. ಸಿಟ್ಟಿಗೇಳಬ್ಯಾಡ್ರಿ."

"ಹೇಳವಾ. ಆದ್ರ ಹೇಳೂಕಿಂತ ಮೊದಲ ನಾ ಹೇಳಿದಲ್ಲಿ ಒಂದು ಗಳ ನೆಟ್ಟು ಕೊಡ್ತಿಯೇನು?"

"ಗಳಕ್ಕೇನ್ರಿ, ಎಲ್ಲಿ ಬೇಕಾದ್ರ ಅಲ್ಲಿ ನೆಡ್ತೇನಿ."

ಬೆಳಗಿನಲ್ಲೇ ನಾನು ಲೆವೆಲ್ ಯಂತ್ರ ಹಿಡಿದು, ಹಕ್ಕಿಗಳು ಮೇಯುವ ರಾಡಿಯಿಂದ ಒಡ್ಡಿನ ನೀರಿನ ಮಟ್ಟ ಎಷ್ಟು ಎತ್ತರ ಬರುತ್ತದೆಂದು ಲೆಕ್ಕ ಹಾಕಿ, ಆಕೆಯ ಗಳದ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದಿಟ್ಟೆ.

ದೊಡ್ಡ ಸಾಹೇಬರು ಚಿಕ್ಕ ವಯಸ್ಸಿನವರು, ಚುರುಕು. ಕಾರಿನಿಂದ ಇಳಿದವರೇ ಜೆಟ್ಟಿ ನೋಡಿದರು, ಕೆಳಗಿನ ಆಡು ನೋಡಿದರು, ದೂರದಲ್ಲಿ ಗೆರೆಯಂತೆ ಹೊಳೆಯುವ ನೀರು ನೋಡಿದರು. ಆಮೇಲೆ ಮರಾಠಿಯಲ್ಲಿ, "ಸರಿಯಾಗಿಯೇ ಇದೆಯಲ್ಲ. ಇದಕ್ಕಾಗಿಯೇ ಒಡ್ಡು ಬೇಕಾಗಿರುವುದು!" ಎಂದರು. ಇನಾಮದಾರ ಸಾಹೇಬರ ಮುಖ ಅರಳಿತು. ಬೇಸಿಗೆಯಲ್ಲಿ ಕರೆತಂದರೆ ಸಾಕು, ಎಲ್ಲ ತಾನಾಗಿ ಅರ್ಥವಾಗುತ್ತದೆ ಎಂದು ನಾನು ತಿಳಿದಿದ್ದೆ. ಅರ್ಥವಾಯಿತು, ತಿರುವುಮುರುವಾಗಿ. ಅವರು ಕಾರಿನ ಕಡೆ ಹೊರಳಿದರು.

ನಾನು ಹೋಗಿ ದಾರಿಗೆ ಅಡ್ಡ ನಿಂತೆ. ಹಾಗೆ ನಿಲ್ಲುವುದು ನೌಕರಿಯ ಯಾವ ನಿಯಮದಲ್ಲೂ ಇಲ್ಲ. "ನಮ್ಮ ಕನ್ನಡದಲ್ಲಿ ಒಂದು ಗಾದೆ ಇದೆ ಸರ್, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ. ನೀವು ಊರಿಗೆ ಬಂದಿರಿ, ನೀರಿಗೆ ಬರಲಿಲ್ಲ," ಎಂದೆ, ಮರಾಠಿಯಲ್ಲಿ. ಇನಾಮದಾರ ಸಾಹೇಬರು ಕಣ್ಣಲ್ಲೇ ಬಾಗಿಲು ಹಾಕಿದರು. ದೊಡ್ಡ ಸಾಹೇಬರು ನಕ್ಕು, ಬೂಟು ಬಿಚ್ಚಿದರು.

ಬಿರುಕು ನೆಲ, ಆಮೇಲೆ ಜಿಗುಟು ನೆಲ, ಆಮೇಲೆ ರಾಡಿ. ಸೀರೆಯ ತುಂಡು ಹಾರುತ್ತಿದ್ದ ಗಳದ ಹತ್ತಿರ ದೋಣಿ ಹತ್ತಿದೆವು. ಶಾಂತಾಬಾಯಿ ಹಲ್ಲು ಕಚ್ಚಿ ಗಳ ಊರುತ್ತಿದ್ದಳು. ಪ್ರತಿ ಸಲ ಊರಿದಾಗಲೂ ಆಕೆ ಮುಖ ಕಿವುಚುವುದನ್ನು ನಾನು ನೋಡಿದೆ, ದೊಡ್ಡ ಸಾಹೇಬರೂ ನೋಡಿದರು. ಹಕ್ಕಿಗಳ ಸಾಲು ಕಾಣತೊಡಗಿತು. ಸದಾ ನಿಲ್ಲಿಸುವ ಜಾಗಕ್ಕೆ ಬಂದು ಆಕೆ ದೋಣಿ ನಿಲ್ಲಿಸಿದಳು. ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ.

ನೀರು ಮೊಣಕಾಲಿಗೆ ಬಂತು. ನಿಧಾನವಾಗಿ ಕಾಲೆಳೆಯುತ್ತ ಹೋದೆ. ಹಕ್ಕಿಗಳು ಹಾರಲಿಲ್ಲ. ಬೇಡದ ನೆಂಟರನ್ನು ಕಂಡವರ ಹಾಗೆ ಮುಖ ತಿರುಗಿಸಿ ನಾಲ್ಕು ಹೆಜ್ಜೆ ಆಚೆ ಹೋದವು. ಅವು ಅಷ್ಟು ಹೊತ್ತು ಮೇಯುತ್ತಿದ್ದ ಜಾಗದಲ್ಲಿ ನಾನು ನಿಂತು ಶಾಂತಾಬಾಯಿಯನ್ನು ಕರೆದೆ. ಆಕೆ ದೋಣಿಯಿಂದ ಧುಮುಕಿ, ಗಳ ಹೊತ್ತು ಬಂದು, ಇದ್ದಿಲಿನ ಗೆರೆ ಇದ್ದಲ್ಲಿ ಸೀರೆಯ ತುಂಡು ಬಿಗಿದು ನನ್ನ ಪಕ್ಕಕ್ಕೆ ನೆಟ್ಟಳು. ಬಟ್ಟೆ ನನ್ನ ತಲೆಯ ಮೇಲೆ, ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ ಪಟಪಟ ಹಾರಿತು.

"ಸರ್," ಎಂದು ಕೂಗಿ ಹೇಳಿದೆ, "ಒಡ್ಡು ಕಟ್ಟಿದರೆ ನೀರು ಆ ಬಟ್ಟೆಯವರೆಗೆ ಬರುತ್ತದೆ. ನಾನು ಮುಳುಗುತ್ತೇನೆ, ಚಿಂತೆಯಿಲ್ಲ, ಇನ್ನೊಬ್ಬ ಎಂಜಿನಿಯರ್ ಸಿಗುತ್ತಾರೆ. ಅವು ಎಲ್ಲಿ ಕಾಲೂರಬೇಕು?"

ನಕಾಶೆಯಲ್ಲಿ ನೀಲಿ ಬಣ್ಣದ ಚೌಕವಾಗಿದ್ದ ನೀರು ಈಗ ಬರಿಗಾಳಿಯಲ್ಲಿ ನಮ್ಮ ತಲೆಯ ಮೇಲೆ ನಿಂತಿತ್ತು. ದೊಡ್ಡ ಸಾಹೇಬರು ಬಟ್ಟೆ ನೋಡಿದರು, ಹಕ್ಕಿಗಳ ಕಾಲು ನೋಡಿದರು. ಆಮೇಲೆ ಶಾಂತಾಬಾಯಿಯನ್ನು ಕೇಳಿದರು, ನಿಮಗೇನು ಬೇಕು ಬಾಯಿ?

ಆಕೆ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ದೊಡ್ಡ ಸಾಹೇಬರಿಗೆ ತಿಳಿಯದ ಕನ್ನಡದಲ್ಲಿ, "ಇಷ್ಟು ನೀರ ನಿಲ್ತೈತಂತ ಮೊದ್ಲs ಯಾಕ ಹೇಳಲಿಲ್ರಿ?" ಎಂದು ನನಗೇ ಗದರಿದಳು. ಹೇಳಿದ್ದೆ. ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ, ಮೈಗೆ ತಾಗಬೇಕು. ಆಮೇಲೆ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದಳು. ನಾನು ಅದನ್ನು ಆಕೆಯ ತವರಿನ ಮಾತಿನಲ್ಲೇ ಬರೆಯುತ್ತೇನೆ.

"ಖರೆ ಹೇಳ್ತೇನ್ರಿ, ಮೋಟಾರ್ ಬೇಕಂತನs ಹೇಳಾಕ ಬಂದಿದ್ದೆ. ರಟ್ಟಿ ಬಿದ್ದು ಹೋಗೇತಿ. ಆದ್ರ ಈ ಹಕ್ಕಿ ಹೋದ ಮ್ಯಾಲ ಮೋಟಾರ್ ಓಡಿಸಿ ಯಾರಿಗೆ ಏನು ತೋರಸ್ಲಿ? ನನ್ನ ಮಾರಿ ತೋರಸ್ಲೇನು? ಒಡ್ಡು ಬ್ಯಾಡ. ರಟ್ಟಿ ಮಾತು ಮಾತ್ರ ನಾ ಬಿಡಾಕಿ ಅಲ್ಲ. ಅದಕ್ಕ ಏನ್ ಮಾಡ್ತೀರಿ ಹೇಳ್ರಿ."

ಹಟದಲ್ಲಿ ನನಗೆ ತಂಗಿ ಸಿಕ್ಕಿದ್ದಳು. ವಾಪಸು ಬರುವಾಗ ದೋಣಿಯಲ್ಲೇ ಆ ಮಾತಿಗೆ ಉತ್ತರ ತೆಗೆದೆವು. ಒಂದು ದೋಣಿಗೆ ಒಬ್ಬರ ಬದಲು ಇಬ್ಬರು ಗಳ ಹಿಡಿಯುವುದು, ಹಿಂದೊಬ್ಬರು, ಮುಂದೊಬ್ಬರು. ಎರಡನೆಯ ಗಳ ದೋಣಿಯಿಲ್ಲದ ಮನೆಗಳಿಗೆ, ಅದೂ ಪಾಳಿಯ ಮೇಲೆ. ಒಂದು ಸುತ್ತು ಹೋಗಿ ಬಂದವರು ಮುಂದಿನ ಪಾಳಿಯವರೆಗೆ ಕೂರಲೇಬೇಕು, ಎಷ್ಟು ದೊಡ್ಡ ಗಿರಾಕಿ ಬಂದರೂ ಏಳುವಂತಿಲ್ಲ. ಊರಿನವರು ಕೂತು ಜಗಳವಾಡಿ, ಕೊನೆಗೆ ಒಪ್ಪಿದರು. ದೊಡ್ಡ ಸಾಹೇಬರು ನನ್ನನ್ನು ಹೊಗಳಲಿಲ್ಲ. ಕಾಲು ತೊಳೆದುಕೊಂಡು ಕಾರು ಹತ್ತಿದರು, ಮುಂಬೈಗೆ ಹೋಗಿ ಸ್ಥಳ ಒಡ್ಡಿಗೆ ಯೋಗ್ಯವಲ್ಲ ಎಂದು ತಮ್ಮ ಹೆಸರಿನಲ್ಲೇ ಬರೆದರು. ಒಡ್ಡಿಲ್ಲದ ಮೇಲೆ ಮೋಟಾರಿಲ್ಲ, ಮೋಟಾರಿಲ್ಲದ ಮೇಲೆ ಗುತ್ತಿಗೆದಾರನಿಗೆ ಅಲ್ಲಿ ಕೆಲಸವಿಲ್ಲ.

ಇನಾಮದಾರ ಸಾಹೇಬರು ಆಡಿದ ಮಾತು ಉಳಿಸಿಕೊಂಡರು. ಮುಂದಿನ ವರ್ಗಾವಣೆಯಲ್ಲಿ ನಾನು ರೆಕಾರ್ಡ್ ರೂಮಿಗೆ ಹೋದೆ, ನಿವೃತ್ತಿಯವರೆಗೂ ಅಲ್ಲೇ ಸೀನಿದೆ. ಪಾಪ, ಮೂಲೆಗೆ ಕೂರಿಸಿದರು ಎಂದು ನೆಂಟರು ಮರುಗಿದರು. ಯಾರೂ ಮರುಗುವುದು ಬೇಡ. ಹೊಸ ಎಂಜಿನಿಯರುಗಳು ಹಳೆಯ ಫೈಲು ಹುಡುಕುವ ನೆಪದಲ್ಲಿ ಕೆಳಗಿಳಿದು ಬಂದು, ಕಪಾಟುಗಳ ನಡುವೆ ನಿಂತು ಮೆಲ್ಲಗೆ ಕೇಳುತ್ತಿದ್ದರು: ಮ್ಯಾಡಮ್, ಒಪ್ಪಿಗೆ ಇಲ್ಲ ಅಂತ ಹ್ಯಾಗ ಬರೀಬೇಕು? ಕಲಿಸಿದೆ. ಸಿಟ್ಟು ಬೇಡ, ವಿಶೇಷಣ ಬೇಡ, ಒಂದೇ ವಾಕ್ಯ ಸಾಕು, ಕೆಳಗೆ ನಿಮ್ಮ ಹೆಸರು ಸ್ಪಷ್ಟವಾಗಿ ಇರಲಿ. ನನ್ನನ್ನು ಮೂಲೆಗೆ ತಳ್ಳಿದವರು ಆ ಮೂಲೆಯಲ್ಲಿ ಒಂದು ಶಾಲೆ ತೆರೆದುಕೊಟ್ಟರು.

ಸಾಹೇಬರೂ ನಿವೃತ್ತರಾದರು. ಒಮ್ಮೆ ಕಾಯಿಪಲ್ಲೆ ಸಂತೆಯಲ್ಲಿ ಸಿಕ್ಕಾಗ ಮೆಂತ್ಯದ ಕಟ್ಟು ಹಿಡಿದುಕೊಂಡೇ ಹೇಳಿದರು, "ನೀವು ಒಂದು ಸಹಿ ಮಾಡಿದ್ರ ಬಾಯಿ, ಆ ಒಡ್ಡಿನ ಮ್ಯಾಲೆ ನನ್ನ ಹೆಸರಿನ ಕಲ್ಲು ಇರ್ತಿತ್ತು."

"ಜೆಟ್ಟಿ ಮ್ಯಾಲೆ ಒಂದು ಕಲ್ಲು ಅದಲ್ರೀ ಸಾಹೇಬ್ರ," ಎಂದೆ. "ಆಡು ದಿನಾ ಓದ್ತಾವ."

ಅವರು ಜೋರಾಗಿ ನಕ್ಕರು. ಬಾಗಿಲು ಹಾಕದೆಯೇ ಅವರು ಕನ್ನಡ ಮಾತಾಡಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಹೋದ ಹೋಳಿ ಹುಣ್ಣಿಮೆ ಕಳೆದು ಒಂದು ವಾರಕ್ಕೆ ನಮ್ಮವರಿಗೆ ಹಕ್ಕಿ ತೋರಿಸಬೇಕೆಂದು ಎಸ್‌ಟಿ ಹತ್ತಿಸಿಕೊಂಡು ಹೊರಟೆ. ಇಷ್ಟು ವರ್ಷ ನನ್ನ ಬಾಯಲ್ಲಿ ಕೇಳಿ ಕೇಳಿ ಅವರಿಗೆ ಆ ಹಕ್ಕಿಗಳ ಮೇಲೆ ಒಂದು ಥರದ ಮತ್ಸರವೇ ಹುಟ್ಟಿತ್ತು. ನೀರು ಆಗಲೇ ದೂರ ಸರಿದಿತ್ತು. ಸೀರೆಯ ತುಂಡು ಕಟ್ಟಿದ ಗಳದ ಹತ್ತಿರ ಜನ ಕೂಡಿತ್ತು. ಪಾಳಿ ನೋಡಿಕೊಳ್ಳುತ್ತಿದ್ದವಳು ಹೊಸಬಳು. ಅವಳು ಶಾಂತಾಬಾಯಿಯ ಅಣ್ಣನ ಮಗಳು, ಮಗನಿಗೆಂದು ಇಂಡಿಯ ಕಡೆಯಿಂದ ಸೊಸೆಯಾಗಿ ತಂದುಕೊಂಡಿದ್ದಾಳೆಂದು ಅಲ್ಲಿದ್ದವರು ಹೇಳಿದರು. ಶಾಂತಾಬಾಯಿ ದೋಣಿಯೊಂದಿಗೆ ನೀರಿನ ಮೇಲೆ ಹೋಗಿದ್ದಳು. ದೋಣಿಯವರಂತೆ ಬಂದ ಜನರಿಗೂ ಈಗ ಪಾಳಿಯಿತ್ತು. ನಾನು ಹೆಸರು ಹೇಳಲಿಲ್ಲ, ನಮ್ಮ ಪಾಳಿ ಹಿಡಿದು ನಿಂತೆ.

ಅಷ್ಟರಲ್ಲಿ ದೊಡ್ಡ ಕಾರೊಂದು ಜೆಟ್ಟಿಯವರೆಗೆ ಬಂದು ನಿಂತಿತು. ಅದರಿಂದ ಇಳಿದ ಒಬ್ಬರು ಬಿರುಕು ನೆಲದ ಮೇಲೆ ದಾಪುಗಾಲು ಹಾಕಿ ಬಂದು, ತಾವು ಪ್ರವಾಸದ ಖಾತೆಯವರು, ತಮ್ಮ ಸಾಹೇಬರ ಮನೆಯವರು ಬಂದಿದ್ದಾರೆ, ಮುಂದಿನ ದೋಣಿ ತಮಗೇ ಬೇಕು ಎಂದರು. ಆ ಹುಡುಗಿ ಸೆರಗು ಸಿಕ್ಕಿಸಿಕೊಂಡು ಮರಾಠಿಯಲ್ಲಿ ಕೊಟ್ಟ ಉತ್ತರ ನನ್ನ ಕಿವಿಗೆ ಅವಳ ಅತ್ತೆಯ ಕನ್ನಡದಲ್ಲೇ ಕೇಳಿಸಿತು.

"ಪಾಳಿ ಅಂದ್ರ ಪಾಳಿ ರೀ. ನಿಮ್ಮ ಖಾತಿಯಾಗs ಒಬ್ಬಾಕಿ ಹಿರೇಮಠ ಬಾಯಿ ಇದ್ಲು, ನೌಕರಿ ಕಳಕೊಂಡು ಈ ಪಾಳಿ ಉಳಿಸಿಕೊಟ್ಟಾಳ. ಈಗ ಆಕಿನs ಬಂದ್ರೂ ಕೂಡಬೇಕು. ಹೋಗಿ ನೆರಳಾಗ ಕೂಡ್ರಿ."

ನಾನು ನೌಕರಿ ಕಳೆದುಕೊಂಡಿರಲಿಲ್ಲ, ಪಿಂಚಣಿ ತಪ್ಪದೆ ಬರುತ್ತಿದೆ. ಆದರೆ ಆ ಕಥೆಯನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ನಮ್ಮವರು ನನ್ನ ಕಡೆ ಬೆರಳು ಮಾಡಿ ಬಾಯಿ ತೆರೆದರು. ಅವರ ಕಾಲು ತುಳಿದೆ.

"ಬಾಯಾರ, ನೀವೂ ಕೂಡ್ರಿ," ಎಂದಳು ಹುಡುಗಿ ನನ್ನ ಕಡೆ ತಿರುಗಿ. "ನಿಮ್ಮ ಪಾಳಿ ಬರಾಕ ಇನ್ನೂ ಹೊತ್ತೈತಿ."

ಸಾಹೇಬರ ಮನೆಯವರ ಜೊತೆಗೆ ನಾವೂ ಹೋಗಿ ಒಣನೆಲದ ಮೇಲಿನ ಜೆಟ್ಟಿಯ ನೆರಳಿನಲ್ಲಿ ಆಡುಗಳನ್ನು ಸರಿಸಿ ಕೂತೆವು. ಇಷ್ಟು ವರ್ಷದ ನೌಕರಿಯಲ್ಲಿ ಕೂತುಕೋ ಎಂದು ನನಗೆ ಬಹಳ ಜನ ಹೇಳಿದ್ದಾರೆ. ಹೇಳಿದ ತಕ್ಷಣ ನಾನು ಕೂತದ್ದು ಅವತ್ತು ಮಾತ್ರ.